ನಮ್ಮ ಈಸಾ, ಅವರ ಯೇಸು



ಔರಾದಿನಿಂದ ಸಹೋದರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಅವರ ಪಕ್ಕದ ಮನೆಯವರು ಕ್ರೈಸ್ತರು. ಮನೆಯಾಕೆ ನರ್ಸ್. ಎರಡು ಮನೆಗಳ ನಡುವೆ ಒಂದೇ ಗೋಡೆ, ಎರಡು ಮನೆಗೂ ಒಂದೇ ನಲ್ಲಿ. ಈ ಸಹೋದರಿಗೆ ಎರಡನೆಯ ಹೆರಿಗೆನೋವು ಕಾಣಿಸಿಕೊಂಡಾಗ ನಡುರಾತ್ರಿ ಎದ್ದು ಬಂದು ಬೆಳಗಿನವರೆಗೂ ಜೊತೆಗಿದ್ದವರು ಅದೇ ನರ್ಸ್. ಈಗ ಆರನೆಯ ತರಗತಿಯಲ್ಲಿ ಓದುವ ಮಗಳು, "ಅಮ್ಮಿ, ನಮ್ಮ ಈಸಾ ಮತ್ತು ಅವರ ಯೇಸು ಒಬ್ಬರೇನಾ?" ಎಂದು ಕೇಳಿದ್ದಾಳೆ. ಒಬ್ಬರೇ ಎಂದರೆ ಅತ್ತೆಗೆ ಸಿಟ್ಟು. ಬೇರೆ ಎಂದರೆ ಮಗುವಿಗೆ ಸುಳ್ಳು ಹೇಳಿದಂತೆ. ಪತಿಯು ಮೊಬೈಲಿನಲ್ಲಿ ವಾದವಿವಾದದ ವೀಡಿಯೊ ನೋಡಿ, "ಇದನ್ನು ನಿನ್ನ ಗೆಳತಿಗೆ ಕೇಳು, ಬಾಯಿ ಮುಚ್ಚುತ್ತಾಳೆ" ಎನ್ನುತ್ತಾರಂತೆ. ಕಳೆದ ಕ್ರಿಸ್ಮಸ್ಸಿಗೆ ಆ ಮನೆಯಿಂದ ಬಂದ ಕೇಕ್, ಚಕ್ಕುಲಿಗಳನ್ನು ಅತ್ತೆ ಹಿತ್ತಲಿನ ಕೋಳಿಗಳಿಗೆ ಹಾಕಿದರಂತೆ. ನರ್ಸ್ ಅದನ್ನು ಗೋಡೆಯಾಚೆಯಿಂದ ನೋಡಿದ್ದಾರೆ. ಏನೂ ಹೇಳಿಲ್ಲ. ಈಗ ಮಾತು ಕಡಿಮೆಯಾಗಿದೆ.

ಬೀದರ್ ನಗರದ ಮಂಗಲಪೇಟೆಯ ಅಕ್ಕಪಕ್ಕದಲ್ಲಿರುವ ಸಹೋದರಿಯರಿಗೂ ಭಾಲ್ಕಿಯವರಿಗೂ ಇದು ಅಪರಿಚಿತ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ, ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಈ ಕಡೆ ಬಂದರು. ಶಾಲೆ ತೆರೆದರು, ಔಷಧ ಕೊಟ್ಟರು, ಹಳ್ಳಿಗಳಲ್ಲಿ ಸುವಾರ್ತೆ ಸಾರಿದರು. ಅವರು ಕಟ್ಟಿದ ಶಾಲೆಗಳಲ್ಲಿ ನಮ್ಮ ಎಷ್ಟೋ ಅಜ್ಜಂದಿರು, ಅಮ್ಮಂದಿರು ಅಕ್ಷರ ಕಲಿತಿದ್ದಾರೆ. ಅವರನ್ನು ನಾವು ನಮ್ಮ ದಖನಿಯಲ್ಲಿ 'ಈಸಾಯಿ' ಎನ್ನುತ್ತೇವೆ. ಈ ಮಾತನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿರಿ. ಈಸಾ(ಅ)ರವರ ಹೆಸರಿನಿಂದಲೇ ಅವರನ್ನು ಕರೆಯುತ್ತಾ ಬಂದಿದ್ದೇವೆ. ಅತ್ತೆಯವರ ಸಿಟ್ಟಿಗೆ ಅವರ ನಾಲಿಗೆಯೇ ಉತ್ತರ ಕೊಡುತ್ತಿದೆ.

ಹೌದು, ಒಬ್ಬರೇ. ಮಗಳಿಗೆ ಮೊದಲು ಇದನ್ನು ಹೇಳಿರಿ. ಮರ್ಯಮ್(ಅ)ರ ಮಗ, ತಂದೆಯಿಲ್ಲದೆ ಜನಿಸಿದವರು, ಕುರುಡರಿಗೆ ಕಣ್ಣು ಕೊಟ್ಟವರು, ಕುಷ್ಠರೋಗಿಗಳನ್ನು ಗುಣಪಡಿಸಿದವರು, ಅಲ್ಲಾಹನ ಅನುಮತಿಯಿಂದ ಸತ್ತವರನ್ನು ಎಬ್ಬಿಸಿದವರು. ನಾವೂ ಅವರನ್ನು ಮಸೀಹ್ ಎನ್ನುತ್ತೇವೆ. ಅವರು ಮತ್ತೆ ಬರುವರೆಂದು ಇಬ್ಬರೂ ನಂಬುತ್ತೇವೆ. ಪವಿತ್ರ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಲಾದ ಒಬ್ಬಳೇ ಸ್ತ್ರೀ ಮರ್ಯಮ್(ಅ). ಅವರ ಹೆಸರಿನದೇ ಒಂದು ಅಧ್ಯಾಯವಿದೆ, ಹತ್ತೊಂಬತ್ತನೆಯದು, 98 ವಚನಗಳದ್ದು. ಅವರ ತಂದೆಯ ಕುಟುಂಬದ ಹೆಸರಿನಲ್ಲಿ ಇನ್ನೊಂದು, ಆಲಿ ಇಮ್ರಾನ್.

ಸೂರಃ ಮರ್ಯಮನ್ನು ಅರ್ಥ ಸಹಿತ ಓದದ ಸಹೋದರಿಯರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಗರ್ಭಿಣಿಯರಿಗೆ ಅದನ್ನು ಓದಿಸುವ ವಾಡಿಕೆ ಮಾತ್ರ ಎಲ್ಲೆಡೆ ಇದೆ. ಅದರಲ್ಲಿ ಒಬ್ಬ ಹೆಣ್ಣು ಒಬ್ಬಂಟಿಯಾಗಿ ಹೆರಿಗೆನೋವು ತಿನ್ನುತ್ತಾಳೆ. ಖರ್ಜೂರದ ಮರದ ಬುಡಕ್ಕೆ ಆತುಕೊಂಡು, ಇದಕ್ಕಿಂತ ಮೊದಲೇ ಸತ್ತಿದ್ದರೆ ಆಗುತ್ತಿತ್ತಲ್ಲ ಎಂದು ಸಂಕಟಪಡುತ್ತಾಳೆ. ಕಾಲಬುಡದಲ್ಲಿ ನೀರಿನ ತೊರೆ ಇದೆಯೆಂದು, ಮರವನ್ನು ಅಲುಗಿಸಿದರೆ ಹಣ್ಣು ಬೀಳುವುದೆಂದು ಆಕೆಗೆ ಸಾಂತ್ವನ ದೊರೆಯುತ್ತದೆ. ಆಮೇಲೆ ಕೂಸನ್ನು ಎತ್ತಿಕೊಂಡು ಊರಿಗೆ ಬಂದರೆ ಊರಿನ ಬಾಯಿ ಬಿಡುತ್ತದೆಯೇ? ಚಾರಿತ್ರ್ಯದ ಮೇಲೆ ಕಲ್ಲೆಸೆಯುವ ಆ ಮಾತುಗಳಿಗೆ ಉತ್ತರ ಕೊಟ್ಟದ್ದು ತೊಟ್ಟಿಲ ಕೂಸು. ಆ ನರ್ಸ್‌ಗೆ ಈ ಕಥೆ ನಮ್ಮ ಗ್ರಂಥದಲ್ಲಿರುವುದು ಗೊತ್ತಿದೆಯೇ ಎಂದು ಔರಾದಿನ ಸಹೋದರಿ ಎಂದಾದರೂ ಕೇಳಿದ್ದಾರೋ ಇಲ್ಲವೋ.

ಇಷ್ಟಕ್ಕೇ ನಿಲ್ಲಿಸಿದರೆ ಅದೂ ಅರ್ಧ ಸತ್ಯವೇ. ಕೆಲವರು ಸೌಹಾರ್ದದ ಹೆಸರಿನಲ್ಲಿ, "ಎಲ್ಲಾ ಒಂದೇ ಬಿಡಿ" ಎಂದು ಮಾತು ಮುಗಿಸುತ್ತಾರೆ. ಎಲ್ಲಾ ಒಂದೇ ಅಲ್ಲ. ಹಾಗೆಂದರೆ ನಮಗೂ ಅಗೌರವ, ಅವರಿಗೂ ಅಗೌರವ. ನಮ್ಮ ನಂಬಿಕೆಯಲ್ಲಿ ಈಸಾ(ಅ) ಅಲ್ಲಾಹನ ದಾಸ ಮತ್ತು ಸಂದೇಶವಾಹಕರು. ಅವರ ನಂಬಿಕೆಯಲ್ಲಿ ಯೇಸು ದೇವರ ಮಗ, ಆರಾಧನೆಗೆ ಅರ್ಹರು. ನಮ್ಮ ಪ್ರಕಾರ ಅವರನ್ನು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ, ಅಲ್ಲಾಹನು ತನ್ನೆಡೆಗೆ ಎತ್ತಿಕೊಂಡನು (4:157-158). ಅವರ ಪ್ರಕಾರ ಶಿಲುಬೆಯ ಮರಣವೇ ಮನುಕುಲದ ಪಾಪಕ್ಕೆ ತೆತ್ತ ಬೆಲೆ. ಅದಿಲ್ಲದಿದ್ದರೆ ಅವರ ಶುಭ ಶುಕ್ರವಾರವೂ ಇಲ್ಲ, ಈಸ್ಟರ್ ಕೂಡ ಇಲ್ಲ. ನಾವು ಹೇಳುವುದು ಆದಮ್(ಅ) ಪಶ್ಚಾತ್ತಾಪ ಪಟ್ಟರು, ಕ್ಷಮೆ ದೊರೆಯಿತು, ಒಬ್ಬರ ಹೊರೆಯನ್ನು ಮತ್ತೊಬ್ಬರು ಹೊರುವುದಿಲ್ಲ ಎಂದು. ಇವು ಸಣ್ಣ ಅಂತರಗಳಲ್ಲ. ಆರನೆಯ ತರಗತಿಯ ಹುಡುಗಿಗೆ ಇವನ್ನು ಸರಳವಾಗಿ ಹೇಳಬಹುದು: ವ್ಯಕ್ತಿ ಒಬ್ಬರೇ, ಅವರು ಯಾರು ಎಂಬುದರಲ್ಲಿ ನಾವು ಮತ್ತು ಅವರು ಬೇರೆ ಬೇರೆ.

ಆದರೆ ಅಂತರವನ್ನು ಹೇಳುವಾಗ ಅವರ ನಂಬಿಕೆಯನ್ನು ಅವರು ಹೇಳುವ ಹಾಗೆಯೇ ಹೇಳಬೇಕು. ಇದರಲ್ಲಿ ನಮ್ಮವರು ಬಹಳ ಎಡವುತ್ತಾರೆ. ಕ್ರೈಸ್ತರಿಗೆ ಮೂವರು ದೇವರುಗಳು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾವ ಕ್ರೈಸ್ತನನ್ನು ಕೇಳಿದರೂ ದೇವರು ಒಬ್ಬನೇ ಎನ್ನುತ್ತಾನೆ. ತಂದೆ, ಮಗ, ಪವಿತ್ರಾತ್ಮ ಎಂಬ ಮೂರರಲ್ಲಿ ಒಬ್ಬನೇ ದೇವರೆಂಬುದು ಅವರ ವಿವರಣೆ. ಅದಕ್ಕೆ ಕನ್ನಡದಲ್ಲಿ ಅವರು ಬಳಸುವ ಮಾತೇ ತ್ರಿಯೇಕ ದೇವರು. ಈ ವಿವರಣೆ ನಮಗೆ ಒಪ್ಪಿಗೆಯಿಲ್ಲ. ಮೂರೆನ್ನಬೇಡಿರೆಂದು ಕುರ್‌ಆನ್ ಸ್ಪಷ್ಟವಾಗಿ ಎಚ್ಚರಿಸಿದೆ (4:171). ಒಪ್ಪಿಗೆಯಿಲ್ಲವೆನ್ನುವುದು ಬೇರೆ, ಅವರು ಹೇಳದಿರುವುದನ್ನು ಅವರ ಬಾಯಿಗೆ ತುರುಕುವುದು ಬೇರೆ. ಹಾಗೆಯೇ 'ದೇವರ ಮಗ' ಎನ್ನುವಾಗ, ಗಂಡು ಹೆಣ್ಣಿನಿಂದ ಮಗು ಹುಟ್ಟಿದಂತೆ ಎಂದು ಅವರು ಭಾವಿಸುವುದಿಲ್ಲ. ಅಂತಹ ಮಾತು ಅವರಿಗೂ ದೇವದೂಷಣೆಯೇ. ಇನ್ನು ನಮ್ಮ ಕಡೆಯ ಮೆಥೋಡಿಸ್ಟರು ಮರಿಯಳಿಗೆ ಪ್ರಾರ್ಥನೆ ಸಲ್ಲಿಸುವವರೇ ಅಲ್ಲ. ಕಥೋಲಿಕರು ಮರಿಯಾ ಮಾತೆಯ ಮಧ್ಯಸ್ಥಿಕೆ ಬೇಡುತ್ತಾರೆ, ಆದರೆ ಆಕೆಯನ್ನು ದೇವರೆನ್ನುವುದಿಲ್ಲ. ಇದು ಬೀದರಿನಲ್ಲಿದ್ದೂ ನಮಗೆ ಗೊತ್ತಿರುವುದಿಲ್ಲ.

ಅವರಲ್ಲೂ ನಮ್ಮ ಬಗ್ಗೆ ಇಂತಹ ತಪ್ಪು ತಿಳುವಳಿಕೆಗಳುಂಟು. ಅಲ್ಲಾಹ್ ಎಂದರೆ ಮುಸ್ಲಿಮರ ಬೇರೊಬ್ಬ ದೇವರು ಎಂದು ತಿಳಿದವರಿದ್ದಾರೆ. ಅರಬ್ ನಾಡಿನ ಕ್ರೈಸ್ತರು ತಮ್ಮ ಪ್ರಾರ್ಥನೆಯಲ್ಲಿ, ತಮ್ಮ ಬೈಬಲಿನಲ್ಲಿ ಅಲ್ಲಾಹ್ ಎಂಬ ಪದವನ್ನೇ ಬಳಸುತ್ತಾರೆಂದು ಹೇಳಿದರೆ ಆಶ್ಚರ್ಯಪಡುತ್ತಾರೆ. ನಾವು ಕಅಬಾದ ಕಲ್ಲನ್ನು ಪೂಜಿಸುತ್ತೇವೆ ಎಂದುಕೊಂಡವರೂ ಇದ್ದಾರೆ. ಮದ್ರಸದ ವ್ಯಾಸಂಗ ಮುಗಿಸಿ ನಾನು ಬಿ.ಎ.ಗೆ ಸೇರಿದಾಗ ಭಾಲ್ಕಿ ಕಡೆಯ ಕ್ರೈಸ್ತ ಸಹಪಾಠಿಯೊಬ್ಬಳು ಈ ಪ್ರಶ್ನೆಯನ್ನೇ ಕೇಳಿದ್ದಳು. ಆಕೆಗೆ ಒಂದು ಗಂಟೆ ಉತ್ತರಿಸಿದೆ. ನಂತರ ಆಕೆ ನನಗೆ ಒಂದು ವಿಷಯ ಹೇಳಿದಳು, ಅದನ್ನು ಯಾವ ಕಿತಾಬಿನಲ್ಲೂ ನಾನು ಅಷ್ಟು ಸರಳವಾಗಿ ಓದಿರಲಿಲ್ಲ. ನಿಮ್ಮಲ್ಲಿ ದೇವರ ವಾಕ್ಯ ಎಂದರೆ ಗ್ರಂಥ, ನಮ್ಮಲ್ಲಿ ದೇವರ ವಾಕ್ಯ ಎಂದರೆ ಯೇಸುವೇ, ಎಂದಳು. ನಾವು ಕುರ್‌ಆನನ್ನು ಮುಟ್ಟುವಾಗ ತೋರುವ ಅದಬು ಅವರು ಯೇಸುವಿನ ಹೆಸರೆತ್ತುವಾಗ ತೋರುವ ಭಕ್ತಿಗೆ ಹತ್ತಿರವಾದುದು. ಇದು ತಿಳಿದ ಮೇಲೆ ಆ ವೀಡಿಯೊಗಳಲ್ಲಿ ಶಿಲುಬೆಯ ಬಗ್ಗೆ ಮಾಡುವ ತಮಾಷೆಗಳನ್ನು ನೋಡಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಮುಸ್‌ಹಫಿನ ಮೇಲೆ ಯಾರಾದರೂ ಅಂತಹ ತಮಾಷೆ ಮಾಡಿದರೆ ನಮಗೆ ಹೇಗಾದೀತು?

ಸತ್ಯ ಹೇಳಬೇಕು, ಆದರೆ ಹೇಗೆ ಎಂಬುದಕ್ಕೆ ನಮಗೆ ಒಳ್ಳೆಯ ಮಾದರಿಯಿದೆ. ಅದನ್ನು ನಮಗೆ ವರದಿ ಮಾಡಿದವರು ಒಬ್ಬ ಸ್ತ್ರೀ, ಉಮ್ಮುಲ್ ಮೂಮಿನೀನ್ ಉಮ್ಮು ಸಲಮಾ(ರ). ಮಕ್ಕಾದ ಹಿಂಸೆ ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಮುಸ್ಲಿಮರ ಗುಂಪೊಂದು ಸಮುದ್ರ ದಾಟಿ ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾದ ಕಡೆಗೆ ಹೋಯಿತು. ಅಲ್ಲಿಯ ದೊರೆ ನಜ್ಜಾಶಿ ಕ್ರೈಸ್ತ. ಅವನ ನಾಡಿನಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲವೆಂದು ಹೇಳಿ ಕಳುಹಿಸಿದವರು ಸ್ವತಃ ಪ್ರವಾದಿವರ್ಯರು(ಸ). ಕುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿ ಇವರನ್ನು ಹಿಂದಕ್ಕೆ ಒಪ್ಪಿಸಬೇಕೆಂದು ಕೇಳಿದರು. ದೊರೆಯ ಆಸ್ಥಾನದಲ್ಲಿ ಹಝ್ರತ್ ಜಅಫರ್(ರ) ಸೂರಃ ಮರ್ಯಮಿನ ಆರಂಭದ ಭಾಗವನ್ನು ಪಠಿಸಿದರು. ದೊರೆ ಅತ್ತನು, ಅವನ ಪಾದ್ರಿಗಳೂ ಅತ್ತರು. ಇಷ್ಟು ಕಥೆ ನಮ್ಮೆಲ್ಲರಿಗೂ ಗೊತ್ತು. ಭಾಷಣಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ.

ಮರುದಿನದ್ದೇ ದೊಡ್ಡ ವಿಷಯ. ಕುರೈಶರ ದೂತ ಅಮ್ರ್ ಬಿನ್ ಆಸ್ ಮತ್ತೆ ಹೋಗಿ, ಇವರು ಮರ್ಯಮರ ಮಗನ ಬಗ್ಗೆ ಘೋರವಾದ ಮಾತು ಹೇಳುತ್ತಾರೆ, ಕೇಳಿ ನೋಡಿ ಎಂದು ದೊರೆಯ ಕಿವಿ ಊದಿದನು. ನಿರಾಶ್ರಿತರಿಗೆ ಮತ್ತೆ ಕರೆ ಬಂತು. ಅಂತಹ ಆತಂಕ ನಮಗೆ ಹಿಂದೆಂದೂ ಬಂದಿರಲಿಲ್ಲ ಎಂಬ ಅರ್ಥದ ಮಾತನ್ನು ಉಮ್ಮು ಸಲಮಾ(ರ) ಹೇಳಿದ್ದಾರೆ. ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡ ಹೆಂಗಸರು ಆ ಗುಂಪಿನಲ್ಲಿದ್ದರೆಂಬುದನ್ನು ನೆನಪಿಡಿರಿ. ಒಂದು ಮಾತು ತಪ್ಪಿದರೆ ಹಡಗು ಹತ್ತಿಸಿ ಮಕ್ಕಾಕ್ಕೆ ಕಳುಹಿಸುತ್ತಾರೆ. ಆಶ್ರಯ ಕೊಟ್ಟವನ ಮನಸ್ಸಿಗೆ ಹಿತವಾಗುವ ಹಾಗೆ ಮಾತನ್ನು ತಿರುಗಿಸಲು ಅದಕ್ಕಿಂತ ದೊಡ್ಡ ಕಾರಣ ಬೇಕೆ? ಅವರು ತಿರುಗಿಸಲಿಲ್ಲ. ಅವರು ಅಲ್ಲಾಹನ ದಾಸ, ಅವನ ಸಂದೇಶವಾಹಕ, ಕನ್ಯೆ ಮರ್ಯಮರಿಗೆ ನೀಡಲಾದ ಅವನ ವಚನ ಎಂದು ಜಅಫರ್(ರ) ಉತ್ತರಿಸಿದರು. ಒಪ್ಪದಿರುವುದನ್ನು ಬಚ್ಚಿಡಲಿಲ್ಲ, ಹಾಗೆಂದು ಸಭೆಯಲ್ಲಿದ್ದ ಪಾದ್ರಿಗಳ ನಂಬಿಕೆಯನ್ನು ಜರೆಯಲೂ ಇಲ್ಲ. ಪಾದ್ರಿಗಳು ಗೊಣಗಿದರು. ದೊರೆ ಮಾತ್ರ ಉಡುಗೊರೆಗಳನ್ನು ಹಿಂದಿರುಗಿಸಿ, ನೀವು ನನ್ನ ನಾಡಿನಲ್ಲಿ ಸುರಕ್ಷಿತರು ಎಂದನು. ಆ ದೊರೆ ತೀರಿಕೊಂಡ ಸುದ್ದಿ ಬಂದಾಗ ಪ್ರವಾದಿವರ್ಯರು(ಸ) ಮದೀನಾದಲ್ಲಿ ಅವನಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರೆಂದು ಸಹೀಹ್ ಬುಖಾರಿಯಲ್ಲಿದೆ.

ನಜ್ರಾನಿನ ಕ್ರೈಸ್ತರ ನಿಯೋಗ ಮದೀನಾಕ್ಕೆ ಬಂದದ್ದೂ ಇದೇ ರೀತಿಯದ್ದು. ಈಸಾ(ಅ)ರ ಬಗ್ಗೆಯೇ ಚರ್ಚೆ ನಡೆಯಿತು. ಒಮ್ಮತ ಮೂಡಲಿಲ್ಲ. ಅವರ ಪ್ರಾರ್ಥನೆಯ ಸಮಯವಾದಾಗ ಮಸ್ಜಿದುನ್ನಬವಿಯಲ್ಲೇ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಲು ಬಿಡಲಾಯಿತೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಅವರು ತಮ್ಮ ನಂಬಿಕೆಯಲ್ಲಿಯೇ ಉಳಿದು, ಕರಾರು ಮಾಡಿಕೊಂಡು, ರಕ್ಷಣೆಯ ಭರವಸೆ ಪಡೆದು ಊರಿಗೆ ಮರಳಿದರು.

ಇನ್ನು ಕೋಳಿಗೆ ಹಾಕಿದ ಕೇಕಿನ ವಿಷಯ. ಗ್ರಂಥದವರ ಆಹಾರ ನಿಮಗೆ ಧರ್ಮಸಮ್ಮತ, ನಿಮ್ಮದು ಅವರಿಗೆ ಧರ್ಮಸಮ್ಮತ ಎಂಬುದು ಸೂರಃ ಅಲ್ ಮಾಇದಃದ ಐದನೆಯ ವಚನದ ತಾತ್ಪರ್ಯ. ಹಂದಿಮಾಂಸ, ಮದ್ಯ ಇದ್ದರೆ ಮುಟ್ಟುವಂತಿಲ್ಲ, ಅದು ಯಾರ ಮನೆಯದ್ದಾದರೂ ಸರಿ. ಮಾಂಸದ ಅಡುಗೆಯ ವಿಷಯದಲ್ಲಿ ಝಬಹ್ ಹೇಗಾಯಿತೆಂದು ವಿಚಾರಿಸುವುದು ಸರಿಯಾದುದೇ. ಹಾಗೆ ವಿಚಾರಿಸಿದರೆ ಪಕ್ಕದ ಮನೆಯವರು ಬೇಸರಿಸುವುದಿಲ್ಲ, ಹಬ್ಬಕ್ಕೆ ಮಟನ್ ತಂದದ್ದು ನಮ್ಮವರ ಅಂಗಡಿಯಿಂದಲೇ ಇರುತ್ತದೆ. ಕೇಕಿನಲ್ಲಿ ಮದ್ಯ ಹಾಕಿದ್ದಾರೆಯೇ ಎಂದೂ ಕೇಳಬಹುದು. ಮೆಥೋಡಿಸ್ಟ್ ಪರಂಪರೆಯಲ್ಲಿ ಮದ್ಯ ಬಿಡುವುದಕ್ಕೆ ದೊಡ್ಡ ಮಹತ್ವವಿದೆ ಎಂಬುದು ಅತ್ತೆಯವರಿಗೆ ಗೊತ್ತಿಲ್ಲದಿರಬಹುದು. ಚಕ್ಕುಲಿಯಲ್ಲಿ ಏನಿದೆ? ಅಕ್ಕಿ ಹಿಟ್ಟು, ಎಣ್ಣೆ, ಎಳ್ಳು. ಅದು ಕೋಳಿಯ ಪಾಲಾದದ್ದೇಕೆ?

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಓದುಗರಲ್ಲಿ ಕೆಲವರಿಗೆ ಬೇಸರವಾದೀತು. ನಮ್ಮ ಬೀದರ್, ಭಾಲ್ಕಿ, ಔರಾದ ಭಾಗದ ಕ್ರೈಸ್ತರಲ್ಲಿ ಬಹುಪಾಲು ಮಂದಿಯ ಪೂರ್ವಿಕರು ಅಸ್ಪೃಶ್ಯರೆನಿಸಿಕೊಂಡು ಊರ ಹೊರಗೆ ಬದುಕಿದವರು. ಚರ್ಚಿನಲ್ಲಿ ಎಲ್ಲರ ಜೊತೆ ಕುಳಿತುಕೊಳ್ಳಲು, ಶಾಲೆಯಲ್ಲಿ ಹಲಗೆ ಹಿಡಿಯಲು ಮೊದಲ ಬಾರಿ ಅವಕಾಶ ಪಡೆದವರು. ಅನೇಕ ಮುಸ್ಲಿಮ್ ಮನೆಗಳಲ್ಲಿ "ಈಸಾಯಿಗಳ ಮನೆಯದ್ದು ತಿನ್ನಬಾರದು" ಎನ್ನುವಾಗ ನಿಜವಾಗಿ ಮಾತನಾಡುತ್ತಿರುವುದು ದೀನ್ ಅಲ್ಲ, ಜಾತಿ. ಭಾಲ್ಕಿ ತಾಲೂಕಿನ ಹಳ್ಳಿಯೊಂದರ ಅನುಕೂಲಸ್ಥ ಮುಸ್ಲಿಮ್ ಮನೆಯಲ್ಲಿ ಹೊರಗಿನ ಗೂಡಿನಲ್ಲಿ ಬೇರೆಯಾಗಿ ಇಟ್ಟ ಸ್ಟೀಲ್ ಲೋಟವೊಂದನ್ನು ನಾನು ನೋಡಿದ್ದೇನೆ. ಯಾರಿಗೆಂದು ಕೇಳಿದೆ. ಕೆಲಸಕ್ಕೆ ಬರುವ ಈಸಾಯಿ ಹೆಂಗಸಿಗೆ ಎಂದರು. ಅದೇ ಮನೆಯವರು ಅದೇ ಊರಿನ ಮೇಲ್ಜಾತಿಯ ಮನೆಯ ಹೋಳಿಗೆಯನ್ನು ಸಂಕೋಚವಿಲ್ಲದೆ ತಿನ್ನುತ್ತಾರೆ, ಅವರು ಗ್ರಂಥದವರಲ್ಲದಿದ್ದರೂ. ಶರೀಅತ್ ಯಾವುದನ್ನು ಹೆಸರು ಹಿಡಿದು ಹಲಾಲ್ ಮಾಡಿದೆಯೋ ಅದನ್ನು ನಿಷಿದ್ಧ ಮಾಡಿಕೊಂಡಿದ್ದೇವೆ. ನಿಖಾಹ್ ಮಾತುಕತೆಯಲ್ಲಿ ಸಯ್ಯದರೋ, ಪಿಂಜಾರರೋ ಎಂದು ಮೊದಲು ವಿಚಾರಿಸುವ ಮನೆಗಳಲ್ಲಿ ಈ ಲೋಟ ಇರುವುದರಲ್ಲಿ ಆಶ್ಚರ್ಯವಿಲ್ಲ ಬಿಡಿ.

ವಿಪರ್ಯಾಸವೆಂದರೆ ಸರ್ಕಾರಿ ಕಾನೂನಿನಲ್ಲಿ ಈ ಎರಡು ಸಮುದಾಯಗಳ ಬಡವರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಮೂಲದ ಕ್ರೈಸ್ತರು ಮತ್ತು ಮುಸ್ಲಿಮರು ಹೊರಗುಳಿದರು. ಈ ಭೇದವನ್ನು ತೆಗೆಯಬೇಕೆಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಇನ್ನೊಂದು ಆಯೋಗ ರಚನೆಯಾಯಿತು. ಮತಾಂತರವಾದ ಮೇಲೆ ಅಸ್ಪೃಶ್ಯತೆ ಎಲ್ಲಿದೆ ಎಂದು ವಿರೋಧಿಗಳು ವಾದಿಸುತ್ತಾರೆ. ನಮ್ಮ ಗೂಡಿನ ಲೋಟವನ್ನು ಅವರಿಗೆ ತೋರಿಸಬಹುದು.

ಕ್ರಿಸ್ಮಸ್ ಶುಭಾಶಯ ಹೇಳಬಹುದೇ ಎಂದೂ ಸಹೋದರಿ ಕೇಳಿದ್ದಾರೆ. ಇದರಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಶುಭಾಶಯ ಹೇಳುವುದು ಆ ನಂಬಿಕೆಯನ್ನು ಒಪ್ಪಿದಂತೆ ಎಂದು ಇಬ್ನುಲ್ ಕಯ್ಯಿಮ್‌ರಂತಹ ಹಿರಿಯರು ಬಹಳ ಕಟ್ಟುನಿಟ್ಟಾಗಿ ತಡೆದಿದ್ದಾರೆ. ನಮ್ಮ ಕಾಲದ ಅನೇಕ ವಿದ್ವಾಂಸರು, ಶೈಖ್ ಯೂಸುಫ್ ಅಲ್ ಕರ್ಝಾವಿಯವರೂ ಸೇರಿ, ನೆರೆಹೊರೆಯ ಸೌಜನ್ಯವಾಗಿ ಹೇಳುವುದರಲ್ಲಿ ತಪ್ಪಿಲ್ಲವೆಂದಿದ್ದಾರೆ. ನನಗೆ ಎರಡನೆಯದೇ ಸರಿಯೆನಿಸುತ್ತದೆ. ನಿಮ್ಮೊಂದಿಗೆ ಹೋರಾಡದ, ನಿಮ್ಮನ್ನು ಮನೆಯಿಂದ ಹೊರದೂಡದ ಜನರೊಂದಿಗೆ ಒಳಿತಿನಿಂದ, ನ್ಯಾಯದಿಂದ ನಡೆದುಕೊಳ್ಳುವುದನ್ನು ಅಲ್ಲಾಹನು ತಡೆಯುವುದಿಲ್ಲ (60:8). ಹಝ್ರತ್ ಅಸ್ಮಾ(ರ)ರ ತಾಯಿ ಬಹುದೇವಾರಾಧಕಿಯಾಗಿದ್ದಾಗಲೇ ಮಗಳನ್ನು ನೋಡಲು ಬಂದರು. ತಾಯಿಯೊಂದಿಗೆ ಸಂಬಂಧ ಉಳಿಸಿಕೊಳ್ಳಬಹುದೇ ಎಂದು ಅಸ್ಮಾ(ರ) ಕೇಳಿದಾಗ ಪ್ರವಾದಿವರ್ಯರು(ಸ) ಉಳಿಸಿಕೊಳ್ಳುವಂತೆ ಹೇಳಿದರು. ನಿಮ್ಮ ಹೆರಿಗೆಗೆ ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಹಬ್ಬದ ದಿನ ಒಂದು ಒಳ್ಳೆಯ ಮಾತು ಹೇಳಿದರೆ ನಿಮ್ಮ ತೌಹೀದಿಗೆ ಧಕ್ಕೆಯಾಗುವುದಿಲ್ಲ. ಚರ್ಚಿನ ಆರಾಧನೆಯಲ್ಲಿ ಪಾಲ್ಗೊಳ್ಳುವುದು, ಅವರ ಪ್ರಭು ಭೋಜನದ ರೊಟ್ಟಿ ಸ್ವೀಕರಿಸುವುದು ಬೇರೆ ವಿಷಯ, ಅದು ನಮಗಲ್ಲ. ಅವರೂ ಅದನ್ನು ಮನೆಗೆ ಹಂಚುವ ಸಿಹಿಯಂತೆ ನೋಡುವುದಿಲ್ಲ.

ಮಾತು ಕಡಿಮೆಯಾಗಿರುವ ಗೋಡೆಯನ್ನು ದಾಟುವುದು ಹೇಗೆ? ಡಿಸೆಂಬರಿನವರೆಗೆ ಕಾಯಬೇಡಿರಿ. ಏನಾದರೂ ಅಡುಗೆ ಮಾಡಿಕೊಂಡು ನೀವೇ ಹೋಗಿರಿ. ಅವರು ಚಹಾ ಕೊಡುತ್ತಾರೆ, ಅವರ ಲೋಟದಲ್ಲಿ ಅಲ್ಲಿಯೇ ಕುಳಿತು ಕುಡಿಯಿರಿ, ಮಗಳೂ ನೋಡಲಿ. ಅತ್ತೆಯವರನ್ನು ವಾದದಿಂದ ಗೆಲ್ಲಲು ಹೋಗಬೇಡಿರಿ. ಸೂರಃ ಅಲ್ ಮಾಇದಃದ ಆ ವಚನವನ್ನು ಮಗಳಿಂದ ಅರ್ಥ ಸಹಿತ ಜೋರಾಗಿ ಓದಿಸಿರಿ. ಮೊಮ್ಮಗಳ ಓದನ್ನು ತಡೆಯುವ ಅಜ್ಜಿಯರು ಕಡಿಮೆ.

ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿದೆ. ನರ್ಸ್‌ರ ಮಗ ನಿಮ್ಮ ಮಗಳಿಗೆ ಕನ್ನಡದ ಹೊಸ ಒಡಂಬಡಿಕೆಯ ಸಣ್ಣ ಪುಸ್ತಕ ಕೊಟ್ಟಿದ್ದಾನೆ, ಇಟ್ಟುಕೊಳ್ಳಲೋ ಹಿಂದಿರುಗಿಸಲೋ ಎಂದು ಕೇಳಿದ್ದೀರಿ. ಬಚ್ಚಿಟ್ಟರೆ ಅವಳು ಬಚ್ಚಿಟ್ಟುಕೊಂಡು ಓದುತ್ತಾಳೆ. ಮೊದಲು ಅವಳೊಂದಿಗೆ ಸೂರಃ ಮರ್ಯಮನ್ನು ಕನ್ನಡ ಅನುವಾದದೊಂದಿಗೆ ಪೂರ್ಣವಾಗಿ ಓದಿರಿ, ದಿನಕ್ಕೆ ಹತ್ತು ವಚನಗಳಂತೆ. ಅದು ಮುಗಿದ ಮೇಲೆ, ನೀವು ಪಕ್ಕದಲ್ಲಿ ಕುಳಿತು, ಲೂಕನ ಸುವಾರ್ತೆಯ ಮೊದಲ ಅಧ್ಯಾಯ ಓದಲು ಬಿಡಿರಿ. ಎರಡೂ ಕಡೆ ಕಥೆ ಶುರುವಾಗುವುದು ಒಬ್ಬನೇ ಮುದುಕನಿಂದ. ನಮ್ಮಲ್ಲಿ ಝಕರಿಯ್ಯಾ(ಅ), ಅವರಲ್ಲಿ ಜಕರೀಯ. ಮಕ್ಕಳಿಲ್ಲದ ಮನೆ, ವಯಸ್ಸಾದ ಹೆಂಡತಿ, ಬೇಡಿಕೆ, ಮಗನ ಸುವಾರ್ತೆ. ಇಬ್ಬರಿಗೂ ಮಾತು ನಿಲ್ಲುತ್ತದೆ. ಕುರ್‌ಆನಿನಲ್ಲಿ ಮೂರು ರಾತ್ರಿ, ಒಂದು ದೃಷ್ಟಾಂತವಾಗಿ. ಲೂಕನಲ್ಲಿ ಮಗು ಹುಟ್ಟಿ ಹೆಸರಿಡುವ ದಿನದವರೆಗೆ, ನಂಬದಿದ್ದುದಕ್ಕಾಗಿ. ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ಅವಳೇ ಪೆನ್ಸಿಲಿನಿಂದ ನೋಟ್‌ಬುಕ್ಕಿನಲ್ಲಿ ಬರೆಯಲಿ. ಅದಕ್ಕೆ ಬದಲಾಗಿ ಸೂರಃ ಮರ್ಯಮಿನ ಅನುವಾದದ ಒಂದು ಪ್ರತಿಯನ್ನು ಆ ಹುಡುಗನಿಗೂ ಕೊಡಿರಿ. ಅವನು ಓದಿ ಏನು ಕೇಳಿದ ಎಂಬುದನ್ನು ನನಗೆ ಬರೆಯಿರಿ.